ಒಂದು ಸಲ ಒತ್ತಿದರೆ ಒಂದೇ ಕ್ಲಿಕ್ ಆಗಬೇಕು: ಮೂರು ಗೇಮಿಂಗ್ ಮೌಸ್‌ಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೇಜರ್ ಕೋಬ್ರಾಗೆ. ವೈರ್ ಇರುವ ಮೌಸ್, ತೂಕ 58 ಗ್ರಾಂ. ಹತ್ತು ತಿಂಗಳಿಂದ ದಿನಾ ರಾತ್ರಿ ಇದರಲ್ಲೇ ಆಡುತ್ತಿದ್ದೇನೆ. ಇದಕ್ಕೂ ಮೊದಲು ಇನ್ನೊಂದು ವೈರ್ ಮೌಸ್ ಇತ್ತು. ನಡುವೆ ಒಂದು ತಿಂಗಳು ತಮ್ಮನ ಲಾಜಿಟೆಕ್ ಜಿ304 ಕೇಳಿ ತಂದು ಆಡಿದೆ. ಈ ಮೂರರ ಬಗ್ಗೆ ಬರೆಯುತ್ತಿದ್ದೇನೆ. ಹಳೆಯ ಮೌಸ್‌ನ ಕಂಪನಿ ಹೆಸರು ಹೇಳುವುದಿಲ್ಲ. ಅದರಲ್ಲಿ ಕೆಟ್ಟದ್ದು ಬಟನ್ ಕೆಳಗಿನ ಸ್ವಿಚ್, ಅಂಥದ್ದು ಇನ್ನೂ ಎಷ್ಟೋ ಕಂಪನಿಗಳ ಮೌಸ್‌ಗಳಲ್ಲಿ ಇರುತ್ತದೆ. ಒಬ್ಬರ ಮೇಲೆ ಗೂಬೆ ಕೂರಿಸುವುದು ಸರಿಯಲ್ಲ.

ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರಲ್ಲ ಡಿಪಿಐ, ಅಂದರೆ ಮೌಸ್ ಒಂದು ಇಂಚು ಸರಿದರೆ ಪಾಯಿಂಟರ್ ಎಷ್ಟು ಚುಕ್ಕೆ ಓಡುತ್ತದೆ ಅನ್ನುವ ಲೆಕ್ಕ, ಅದರ ಬಗ್ಗೆ ಒಂದೇ ಮಾತು. ಜಿ304 12,000 ತನಕ ಹೋಗುತ್ತದೆ, ಕೋಬ್ರಾ 8,500 ತನಕ. ನಾನು ಆಡುವುದು 800ರಲ್ಲಿ.

ಈಗ ಹಳೆಯ ಮೌಸ್ ಕಥೆಗೆ ಬರುತ್ತೇನೆ. ಸಾವಿರದ ನಾನೂರು ರೂಪಾಯಿಗೆ ತಂದದ್ದು. ಮೊದಲ ವರ್ಷ ಏನೂ ಹೆಸರಿಡುವ ಹಾಗಿರಲಿಲ್ಲ. ಕೈಗೆ ಚೆನ್ನಾಗಿ ಕೂರುತ್ತಿತ್ತು, ಗುರಿಯೂ ಸರಿಯಾಗಿ ಸಿಗುತ್ತಿತ್ತು. ಎರಡನೇ ಮಳೆಗಾಲದಲ್ಲಿ ಶುರುವಾಯಿತು ನೋಡಿ. ಫೋಲ್ಡರ್ ಮೇಲೆ ಒಂದು ಸಲ ಒತ್ತಿದರೆ ಸಾಕು, ತೆರೆದುಕೊಂಡುಬಿಡುತ್ತಿತ್ತು. ನನ್ನ ಬೆರಳೇ ಎರಡು ಸಲ ಒತ್ತಿರಬೇಕು ಅಂದುಕೊಂಡು ಸುಮ್ಮನಾದೆ. ಆಮೇಲೆ ಫೈಲ್ ಎಳೆದುಕೊಂಡು ಹೋಗುವಾಗ ದಾರಿ ಮಧ್ಯದಲ್ಲೇ ಕೈಬಿಟ್ಟು ಯಾವುದೋ ಫೋಲ್ಡರ್‌ಗೆ ಬೀಳತೊಡಗಿತು. ಆಫೀಸಿನ ಒಂದು ಎಕ್ಸೆಲ್ ಫೈಲ್ ಎಲ್ಲಿ ಬಿತ್ತು ಅಂತ ಹುಡುಕಲು ಅರ್ಧ ಗಂಟೆ ಹಿಡಿಯಿತು.

ಆಟದಲ್ಲಿ ಇದರ ಕಾಟವೇ ಬೇರೆ. ನಾನು ಆಡುವುದು ಕೌಂಟರ್-ಸ್ಟ್ರೈಕ್ 2, ಗುಂಪು ಕಟ್ಟಿಕೊಂಡು ಆಡುವ ಶೂಟಿಂಗ್ ಆಟ. ಅದರಲ್ಲಿ ಸ್ಮೋಕ್, ಅಂದರೆ ಎದುರಾಳಿಗೆ ಕಾಣದ ಹಾಗೆ ಮರೆ ಮಾಡುವ ಹೊಗೆ ಬಾಂಬ್, ಎಸೆಯಲು ಎಡ ಬಟನ್ ಒತ್ತಿ ಹಿಡಿಯಬೇಕು, ಗುರಿ ಸರಿ ಮಾಡಿಕೊಳ್ಳಬೇಕು, ಆಮೇಲೆ ಬಿಡಬೇಕು. ಬಟನ್ ಬಿಟ್ಟರೆ ಸ್ಮೋಕ್ ಹೋಯಿತು ಅಂತಲೇ ಲೆಕ್ಕ. ಆಟದ ಮಿರಾಜ್ ಅನ್ನುವ ಮ್ಯಾಪಿನಲ್ಲಿ ವಿಂಡೋ ಅನ್ನುವ ಜಾಗಕ್ಕೆ ಸ್ಮೋಕ್ ಹಾಕುವುದು ನಮ್ಮ ಗುಂಪಿನಲ್ಲಿ ನನ್ನ ಕೆಲಸ. ಅದು ಬಿದ್ದ ಮೇಲೇ ಉಳಿದವರು ಮಿಡ್‌ಗೆ, ಅಂದರೆ ಮ್ಯಾಪಿನ ನಡುವಿನ ಜಾಗಕ್ಕೆ, ಬರುವುದು. ಅವತ್ತು ಬಟನ್ ಹಿಡಿದುಕೊಂಡೇ ಇದ್ದೇನೆ, ಬೆರಳು ಒಂಚೂರೂ ಅಲುಗಿಲ್ಲ. ಅಷ್ಟರಲ್ಲಿ ಸ್ಮೋಕ್ ಎದುರಿನ ಗೋಡೆಗೆ ಬಡಿದು ನಮ್ಮ ಕಾಲ ಬುಡದಲ್ಲೇ ಹೊಗೆ ಎದ್ದಿತು. ಕೈಯಲ್ಲಿ ಇದ್ದದ್ದೇ ಒಂದು ಸ್ಮೋಕ್. ಹೆಡ್‌ಫೋನಿನಲ್ಲಿ ಗೆಳೆಯ, "ಎಂಥ ಮಾರಾಯ, ನಮಗೇ ಹಾಕಿದ್ಯಾ?" ಅಂತ ಕೇಳಿದ. ಅದೇ ರಾತ್ರಿ ಇನ್ನೂ ಎರಡು ಸಲ ಹಾಗೇ ಆಯಿತು. ನಾನು ಹೇಳಿದ್ದನ್ನು ಯಾರೂ ನಂಬಲಿಲ್ಲ. ತಪ್ಪು ಮಾಡಿದವರೆಲ್ಲ ಮೌಸ್ ಮೇಲೇ ಹಾಕುತ್ತಾರಲ್ಲ, ಇವನೂ ಹಾಗೇ ಅಂದುಕೊಂಡರು. ಬೇಜಾರಾಗಿದ್ದು ಅದಕ್ಕೇ.

ಯಾಕೆ ಹೀಗಾಗುತ್ತದೆ ಅಂತ ತಿಳಿದುಕೊಂಡದ್ದು ಆಮೇಲೆ. ಸಾಮಾನ್ಯ ಮೌಸ್ ಬಟನ್ ಕೆಳಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ಅದರೊಳಗೆ ತಾಮ್ರ ಬೆರೆಸಿದ ಲೋಹದ ತೆಳು ಪಟ್ಟಿ. ಒತ್ತಿದಾಗ ಅದು ಟಕ್ ಅಂತ ಬಾಗಿ ಇನ್ನೊಂದು ಲೋಹಕ್ಕೆ ತಾಗುತ್ತದೆ. ತಾಗಿದ್ದು ಅಲ್ಲೇ ನಿಲ್ಲುವುದಿಲ್ಲ, ನೆಲಕ್ಕೆ ಬಿದ್ದ ಚಮಚದ ಹಾಗೆ ಒಂದೆರಡು ಸಲ ಕುಪ್ಪಳಿಸುತ್ತದೆ. ಹೊಸ ಮೌಸ್‌ನಲ್ಲೂ ಇದು ಇದ್ದದ್ದೇ. ಅದಕ್ಕೇ ಮೌಸ್‌ನ ಒಳಗಿನ ಪ್ರೋಗ್ರಾಮ್ ಕೆಲವು ಮಿಲಿಸೆಕೆಂಡ್ ಕಾದು, ಆ ಕುಪ್ಪಳಿಕೆಯನ್ನೆಲ್ಲ ಒಂದೇ ಕ್ಲಿಕ್ ಅಂತ ಎಣಿಸುತ್ತದೆ. ಪಟ್ಟಿ ಸಡಿಲವಾದರೆ, ಇಲ್ಲವೇ ತಾಗುವ ಜಾಗಕ್ಕೆ ಕಿಲುಬು ಹಿಡಿದರೆ, ಕುಪ್ಪಳಿಸುವುದು ಜಾಸ್ತಿ ಹೊತ್ತು ಆಗುತ್ತದೆ. ಪ್ರೋಗ್ರಾಮ್ ಅಷ್ಟು ಕಾಯುವುದಿಲ್ಲ. ಒಂದು ಕ್ಲಿಕ್ ಎರಡಾಗುತ್ತದೆ. ಒತ್ತಿ ಹಿಡಿದಾಗ ಸಂಪರ್ಕ ಒಂದು ಗಳಿಗೆ ತಪ್ಪಿದರೂ ಸಾಕು, ಬಿಟ್ಟ ಹಾಗೆ.

ನಾನಿರುವುದು ಮಂಗಳೂರಿನಲ್ಲಿ. ಜೂನ್ ಬಂತೆಂದರೆ ಇಲ್ಲಿ ಬೀರುವಿನ ಒಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ತಾಮ್ರದ ಚೊಂಬನ್ನು ವಾರಕ್ಕೊಮ್ಮೆ ಹುಣಸೆ ಹುಳಿ ಹಾಕಿ ತಿಕ್ಕದಿದ್ದರೆ ಕಪ್ಪಾಗುತ್ತದೆ. ಮೌಸ್ ಸ್ವಿಚ್ಚಿಗೆ ಹುಣಸೆ ಹುಳಿ ಹಾಕುವ ಹಾಗಿಲ್ಲ, ಅಲ್ವಾ?

ವಾರಂಟಿ ಇನ್ನೂ ಇತ್ತು. ಸರ್ವಿಸ್ ಸೆಂಟರಿನಲ್ಲಿ ಬಿಲ್ ಕೇಳಿದರು. ಜೋಪಾನವಾಗಿ ಡಬ್ಬದಲ್ಲೇ ಇಟ್ಟಿದ್ದೆ. ತೆಗೆದು ನೋಡಿದರೆ ಬರೀ ಬಿಳಿ ಹಾಳೆ. ಅಂಗಡಿಯವರು ಕೊಟ್ಟದ್ದು ಆ ನುಣುಪು ಕಾಗದದ ಬಿಲ್, ಬಸ್ ಟಿಕೆಟ್ ಥರದ್ದು. ಶಾಖದಿಂದ ಅಕ್ಷರ ಮೂಡಿಸುವ ಕಾಗದ ಅದು, ದಿನ ಕಳೆದ ಹಾಗೆ ಅಳಿಸಿಹೋಗುತ್ತದೆ. ದೀಪದ ಬೆಳಕಿಗೆ ಓರೆಯಾಗಿ ಹಿಡಿದರೆ ಅಂಗಡಿ ಹೆಸರಿನ ಮೊದಲ ಎರಡಕ್ಷರ ಕಾಣುತ್ತಿತ್ತು, ಅಷ್ಟೆ. ತಾರೀಖು ಇಲ್ಲ, ಮಾಡೆಲ್ ನಂಬರ್ ಇಲ್ಲ. ಕೌಂಟರಿನಲ್ಲಿದ್ದ ಹುಡುಗಿ ಎರಡು ಸಲ ತಿರುಗಿಸಿ ನೋಡಿ, "ಸರ್, ಇದರಲ್ಲಿ ಏನೂ ಇಲ್ವಲ್ಲ" ಅಂತ ವಾಪಸ್ ಕೊಟ್ಟರು. ಏನೇ ತಗೊಳ್ಳಿ, ಅಂಗಡಿ ಮೆಟ್ಟಿಲು ಇಳಿಯುವ ಮೊದಲು ಬಿಲ್ಲಿನ ಫೋಟೋ ತೆಗೆದುಕೊಳ್ಳಿ.

ಹೊಸದು ತಗೊಳ್ಳುವ ತನಕ ಆಟ ನಿಲ್ಲಬಾರದು ಅಂತ ತಮ್ಮನ ಜಿ304 ಕೇಳಿದೆ. ಅವನು ಹಾಸ್ಟೆಲಿನಲ್ಲಿರುವುದು, ಪರೀಕ್ಷೆ ಸಮಯ, ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದ. "ಪರೀಕ್ಷೆ ಮುಗಿದ ದಿನ ವಾಪಸ್ ಕೊಡಬೇಕು ಅಣ್ಣ" ಅಂತ ಮಾತು ತಗೊಂಡೇ ಕೊಟ್ಟ.

ವೈರ್‌ಲೆಸ್ ಅಂದರೆ ಆಟಕ್ಕೆ ನಿಧಾನ ಅನ್ನುವ ಹಳೆಯ ನಂಬಿಕೆ ನನಗೂ ಇತ್ತು. ಮೊದಲ ರಾತ್ರಿಯೇ ಅದು ಹೋಯಿತು. ಆಫೀಸಿಗೆ ಕೊಡುವ ಅಗ್ಗದ ವೈರ್‌ಲೆಸ್ ಮೌಸ್ ಬೇರೆ, ಇದು ಬೇರೆ. ಇದು ಸೆಕೆಂಡಿಗೆ ಸಾವಿರ ಸಲ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ವೈರ್ ಮೌಸ್‌ಗೂ ಇದಕ್ಕೂ ನನ್ನ ಕೈಗೆ ವ್ಯತ್ಯಾಸ ಗೊತ್ತಾಗಲೇ ಇಲ್ಲ. ಸೆಲ್ ಹಾಕುವ ವಿಚಾರದಲ್ಲಂತೂ ಇದು ನನಗೆ ತುಂಬಾ ಇಷ್ಟವಾಯಿತು. ಗೋಡೆ ಗಡಿಯಾರಕ್ಕೆ ಹಾಕುತ್ತೇವಲ್ಲ, ಅದೇ ಎಎ ಸೆಲ್ ಒಂದು ಸಾಕು. 250 ಗಂಟೆ ಬರುತ್ತದೆ ಅಂತ ಕಂಪನಿ ಹೇಳುತ್ತದೆ. ರಾತ್ರಿ ಖಾಲಿಯಾದರೂ ಪಕ್ಕದ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಚಾರ್ಜ್ ಮಾಡುವ ಮೌಸ್‌ನ ಬ್ಯಾಟರಿ ಮೂರು ವರ್ಷದ ಮೇಲೆ ದುರ್ಬಲವಾದರೆ ಏನು ಮಾಡುವುದು ಅನ್ನುವ ಚಿಂತೆ ಇದಕ್ಕಿಲ್ಲ.

ನನಗೆ ಹೊಂದದೇ ಹೋದದ್ದು ತೂಕ. ಸೆಲ್ ಸೇರಿ 99 ಗ್ರಾಂ. ಒಂದು ಸಲ ಕೈಗೆತ್ತಿಕೊಂಡರೆ ಇದೇನು ಭಾರ ಅನ್ನಿಸುವುದಿಲ್ಲ. ನನ್ನ ಆಟದ ರೀತಿಯಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. 800 ಡಿಪಿಐ, ಆಟದೊಳಗೆ ಸೆನ್ಸಿಟಿವಿಟಿ (ಮೌಸ್ ಸರಿದಾಗ ನೋಟ ಎಷ್ಟು ತಿರುಗಬೇಕು ಅನ್ನುವ ಅಳತೆ) 1.2. ಅಂದರೆ ಒಂದು ಪೂರ್ತಿ ಸುತ್ತು ತಿರುಗಲು ಮೌಸ್ ಸುಮಾರು 43 ಸೆಂಟಿಮೀಟರ್ ಸರಿಯಬೇಕು. ನನ್ನ ಪ್ಯಾಡ್ ಅಷ್ಟು ಅಗಲ ಇಲ್ಲ. ಹಾಗಾಗಿ ಎತ್ತಿ, ಮಧ್ಯಕ್ಕೆ ತಂದು, ಮತ್ತೆ ಇಡಬೇಕು. ಒಂದು ಮ್ಯಾಚಿನಲ್ಲಿ ಇದು ಎಷ್ಟು ಸಲವೋ. ನಾನು ಅಂಗೈ ಊರಿ ಹಿಡಿಯುವವನೂ ಅಲ್ಲ, ಬೆರಳು ಬಾಗಿಸಿ ತುದಿಯಲ್ಲೇ ಹಿಡಿಯುತ್ತೇನೆ. ಎತ್ತುವ ಕೆಲಸವೆಲ್ಲ ಹೆಬ್ಬೆರಳು, ಕಿರುಬೆರಳದ್ದು. ಎರಡನೇ ಮ್ಯಾಚಿನ ಹೊತ್ತಿಗೆ ಹೆಬ್ಬೆರಳ ಬುಡ ಬಿಗಿಯುತ್ತಿತ್ತು. ಎಎಎ ಸೆಲ್ಲಿಗೆ ಪ್ಲಾಸ್ಟಿಕ್ ಕವಚ ಹಾಕಿ ಎಎ ಜಾಗದಲ್ಲಿ ಕೂರಿಸುವ ಉಪಾಯ ಇದೆ, ಅದನ್ನೂ ಮಾಡಿದೆ. ಹತ್ತು ಗ್ರಾಂ ಇಳಿಯಿತು, ಕೈಗೂ ಗೊತ್ತಾಯಿತು. ಆದರೂ ಕೋಬ್ರಾದ 58 ಎಲ್ಲಿ, ಇದರ 90 ಎಲ್ಲಿ. ಅಂಗೈ ಊರಿ ಹಿಡಿಯುವವರಿಗೆ, ಸೆನ್ಸಿಟಿವಿಟಿ ಜಾಸ್ತಿ ಇಟ್ಟುಕೊಂಡು ಮೌಸ್ ಎತ್ತದೇ ಆಡುವವರಿಗೆ ಇದು ತೊಂದರೆಯೇ ಅಲ್ಲ. ನನ್ನ ತಮ್ಮ ಆಡುವುದು ಹಾಗೇ.

ಜಿ304 ಒಳಗೆ ಇರುವುದೂ ಲೋಹದ ಸ್ವಿಚ್ಚೇ. ತಮ್ಮನದು ಎರಡು ವರ್ಷದಿಂದ ಸರಿಯಾಗಿಯೇ ಇದೆ, ಇದ್ದದ್ದನ್ನು ಹೇಳಬೇಕು. ನನಗೆ ಮಾತ್ರ ಇನ್ನೊಂದು ಸಲ ಆ ಸ್ಮೋಕ್ ಕಾಟ ಬೇಡವಾಗಿತ್ತು. ಅದಕ್ಕೇ ಲೋಹದ ಬದಲು ಬೆಳಕಿನಿಂದ ಕ್ಲಿಕ್ ತಿಳಿಯುವ, ಆಪ್ಟಿಕಲ್ ಅನ್ನುವ ಸ್ವಿಚ್ ಇರುವ ಮೌಸ್ ಹುಡುಕಲು ಹೊರಟೆ.

ಇದನ್ನು ಅಂಗಡಿಯಲ್ಲಿ ಕೇಳುವುದೇ ಒಂದು ಪಾಡು. ಮೂರು ಅಂಗಡಿಯಲ್ಲಿ "ಆಪ್ಟಿಕಲ್ ಸ್ವಿಚ್ ಇರುವ ಮೌಸ್ ಇದೆಯಾ" ಅಂತ ಕೇಳಿದೆ. ಮೂರೂ ಕಡೆ ಒಂದೇ ಉತ್ತರ, "ಈಗ ಬರುವುದೆಲ್ಲ ಆಪ್ಟಿಕಲ್ಲೇ ಅಲ್ವಾ, ಬಾಲ್ ಮೌಸ್ ಎಲ್ಲಿ ಸಿಗುತ್ತೆ?" ಅವರು ಹೇಳುವುದು ಮೌಸ್ ಎಷ್ಟು ಸರಿಯಿತು ಅಂತ ಅಳೆಯುವ, ಅದರ ಹೊಟ್ಟೆಯ ಕೆಳಗೆ ಇರುವ ಸೆನ್ಸರ್ ಬಗ್ಗೆ. ಅದು ಈಗ ಎಲ್ಲದರಲ್ಲೂ ಬೆಳಕಿನದ್ದೇ. ನಾನು ಕೇಳುತ್ತಿದ್ದುದು ಬಟನ್ ಕೆಳಗಿನ ಸ್ವಿಚ್ ಬಗ್ಗೆ. ಎರಡಕ್ಕೂ ಒಂದೇ ಹೆಸರು ಇಟ್ಟುಬಿಟ್ಟಿದ್ದಾರೆ. ನೀವು ಕೇಳುವಾಗ "ಕ್ಲಿಕ್ ಮಾಡುವ ಬಟನ್ನಿನ ಸ್ವಿಚ್" ಅಂತ ಬಿಡಿಸಿ ಹೇಳಿ. ಡಬ್ಬದ ಮೇಲೆ ಬರೀ ಆಪ್ಟಿಕಲ್ ಸೆನ್ಸರ್ ಅಂತ ಬರೆದಿದ್ದರೆ ಅದಲ್ಲ. ಆಪ್ಟಿಕಲ್ ಮೌಸ್ ಸ್ವಿಚ್ ಅಂತಲೇ ಇರಬೇಕು.

ಕೊನೆಗೆ ಕೋಬ್ರಾ ಆನ್‌ಲೈನ್ ಸೇಲಿನಲ್ಲಿ ಮೂರು ಸಾವಿರದೊಳಗೆ ಸಿಕ್ಕಿತು. ಇದರ ಸ್ವಿಚ್ಚಿನಲ್ಲಿ ಒತ್ತಿದ್ದನ್ನು ತಿಳಿಸುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಬಟನ್ ಒತ್ತಿದಾಗ ಒಳಗಿನ ತಡೆ ಸರಿಯುತ್ತದೆ, ಬೆಳಕು ಆಚೆ ಬದಿಗೆ ಮುಟ್ಟುತ್ತದೆ, ಕ್ಲಿಕ್ ಆಯಿತು. ಲೋಹಕ್ಕೆ ಲೋಹ ತಾಗಿ ಕರೆಂಟ್ ಹರಿಯಬೇಕು ಅನ್ನುವ ಮಾತೇ ಇಲ್ಲ. ಕುಪ್ಪಳಿಕೆಯೂ ಇಲ್ಲ, ಕಿಲುಬಿನ ಭಯವೂ ಇಲ್ಲ. ಒಂದು ಪೂರ್ತಿ ಮಳೆಗಾಲ ಇದರ ಮೇಲೆ ಹೋಗಿದೆ. ಪ್ರತಿ ತಿಂಗಳು ಒಂದನೇ ತಾರೀಖು ಒಂದು ಫೋಲ್ಡರ್ ಮೇಲೆ ನಿಧಾನವಾಗಿ ಐವತ್ತು ಸಲ ಒತ್ತಿ ನೋಡುತ್ತೇನೆ. ಇವತ್ತಿನ ತನಕ ಒಂದು ಸಲವೂ ತಾನಾಗಿ ತೆರೆದುಕೊಂಡಿಲ್ಲ.

ಕ್ಲಿಕ್ ಸದ್ದು ಹಳೆಯದಕ್ಕಿಂತ ಚೂಪು. ಒಂದು ವಾರದಲ್ಲಿ ಅಭ್ಯಾಸವಾಯಿತು. ಗಾತ್ರ ಚಿಕ್ಕದು, ನನ್ನ ಕೈಯೂ ಚಿಕ್ಕದು. ಉದ್ದ ಬೆರಳಿನವರು ಹಿಡಿದು ನೋಡದೇ ತಗೊಳ್ಳಬೇಡಿ.

ವೈರ್ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ವೈರ್‌ಲೆಸ್‌ನಲ್ಲಿ ಒಂದು ತಿಂಗಳು ಆಡಿದವನಿಗೆ ಮತ್ತೆ ವೈರ್ ಅಂದರೆ ಹೆದರಿಕೆ. ಹಳೆಯ ಮೌಸ್‌ನ ರಬ್ಬರ್ ವೈರ್ ದಪ್ಪ, ಡಬ್ಬದೊಳಗೆ ಮಡಚಿದ ಗುರುತು ಕೊನೇ ತನಕ ಹೋಗಲಿಲ್ಲ. ಬಲಕ್ಕೆ ಜೋರಾಗಿ ಎಳೆದರೆ ಅದೇ ವಾಪಸ್ ಎಳೆಯುತ್ತಿತ್ತು. ಕೋಬ್ರಾದ್ದು ದಾರ ಹೆಣೆದ ಹೊದಿಕೆ ಇರುವ ಮೆತ್ತನೆಯ ವೈರ್. ಅದನ್ನು ಮಾನಿಟರ್ ಸ್ಟ್ಯಾಂಡಿಗೆ ಬಟ್ಟೆ ಕ್ಲಿಪ್ ಹಾಕಿ ಎತ್ತರಕ್ಕೆ ಹಿಡಿಸಿದ್ದೇನೆ, ಕೈ ಕಡೆಗೆ ಒಂದು ಗೇಣು ಸಡಿಲ ಬಿಟ್ಟು. ಈಗ ಮೇಜಿಗೆ ಉಜ್ಜುವುದೇ ಇಲ್ಲ. ವೈರ್ ಇದೆ ಅನ್ನುವುದೇ ಮರೆತುಹೋಗುತ್ತದೆ.

ಬಣ್ಣದ ಲೈಟ್ ಮೊದಲ ದಿನವೇ ಆಫ್ ಮಾಡಿದೆ. ವಿಂಡೋಸ್ ಸೆಟ್ಟಿಂಗಿನಲ್ಲಿ ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್ ಅಂತ ಒಂದಿದೆ, ಅದನ್ನು ತೆಗೆಯಿರಿ, ಇಲ್ಲದಿದ್ದರೆ ಕೈಯ ವೇಗಕ್ಕೆ ತಕ್ಕ ಹಾಗೆ ಪಾಯಿಂಟರ್ ಓಡುವ ದೂರ ಬದಲಾಗುತ್ತದೆ. ಸನ್‌ಮೈಕಾ ಮೇಲೆ ಹಾಗೇ ಉಜ್ಜಬೇಡಿ. ನಾನೂರು ರೂಪಾಯಿಯ ಬಟ್ಟೆ ಪ್ಯಾಡ್ ಸಾಕು.

ಹಣದ ಲೆಕ್ಕ ನೋಡಿದರೆ ಜಿ304 ಮತ್ತು ಕೋಬ್ರಾ ನಡುವೆ ನಾನು ನೋಡಿದಾಗ ಹೆಚ್ಚು ಅಂತರ ಇರಲಿಲ್ಲ. ಸಾವಿರದೈನೂರರ ವೈರ್ ಮೌಸ್ ಇವೆರಡರ ಅರ್ಧ ಬೆಲೆ. ಈಗಷ್ಟೇ ಆಟ ಶುರು ಮಾಡಿದವರು, ಬಯಲುಸೀಮೆಯ ಒಣ ಹವೆಯಲ್ಲಿ ಇರುವವರು ಅದನ್ನೇ ತಗೊಂಡರೂ ತಪ್ಪಿಲ್ಲ, ಬಿಲ್ಲಿನ ಫೋಟೋ ಮರೆಯದಿದ್ದರೆ ಆಯಿತು. ಲ್ಯಾಪ್‌ಟಾಪ್ ಹೊತ್ತು ತಿರುಗುವವರಿಗೆ ಜಿ304. ನಾನು ಆಡುವುದು ಮನೆಯಲ್ಲಿ, ಒಂದೇ ಮೇಜಿನಲ್ಲಿ, ಸಮುದ್ರದ ಗಾಳಿ ಬರುವ ಕಿಟಕಿಯ ಪಕ್ಕ. ನನಗೆ ಕೋಬ್ರಾ.

ಹಳೆಯದನ್ನು ಎಸೆಯಲಿಲ್ಲ. ನಮ್ಮ ಬೀದಿಯ ಮೊಬೈಲ್ ರಿಪೇರಿಯವರ ಹತ್ತಿರ ಕೊಟ್ಟೆ. ಸ್ಕ್ರೂ ಇರುವುದು ಕೆಳಗಿನ ಜಾರುಪಟ್ಟಿಗಳ ಅಡಿಯಲ್ಲಿ. ಅವರು ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ ಮೆಲ್ಲಗೆ ಎಬ್ಬಿಸಿದರು. ಹಳೆಯ ಸ್ವಿಚ್ಚಿನ ಮುಚ್ಚಳ ತೆಗೆದು ತೋರಿಸಿದಾಗ, ಅಕ್ಕಿ ಕಾಳಿನಷ್ಟು ಜಾಗದಲ್ಲಿ ಆ ಪಟ್ಟಿ, ತಾಗುವ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆ. ಮೂರು ಸ್ಮೋಕ್ ಹಾಳು ಮಾಡಿದ್ದು ಅದೇ. ಅದರ ಫೋಟೋ ತೆಗೆದು ಗೆಳೆಯರ ಗುಂಪಿಗೆ ಹಾಕಿದೆ. ಹೊಸ ಸ್ವಿಚ್ ಬೆಸುಗೆ ಹಾಕಿದ್ದಕ್ಕೆ ನೂರೈವತ್ತು ರೂಪಾಯಿ ತಗೊಂಡರು. ಅದು ಈಗ ಆಫೀಸಿನಲ್ಲಿದೆ. ತಮ್ಮನ ಜಿ304 ಅನ್ನು ಪರೀಕ್ಷೆ ಮುಗಿದ ದಿನವೇ ಕೊಟ್ಟೆ, ಹೊಸ ಸೆಲ್ ಹಾಕಿ.