ಗೇಮ್ ಸಂಗೀತವೋ, ಆಡಿಯೊ ನಾಟಕವೋ? ಎರಡನ್ನೂ ಮಾಡಿ ನೋಡಿದ ಮೇಲೆ

ಮುಂಬೈಯಲ್ಲಿ ಸಂಗೀತ ಸಂಯೋಜಕ ಅಂದರೆ ಜನರ ತಲೆಗೆ ಬರುವುದು ಸಿನಿಮಾ, ಸೀರಿಯಲ್, ಜಾಹೀರಾತು. ಗೇಮ್‌ಗೆ ಸಂಗೀತ ಮಾಡುತ್ತೇನೆ ಅಂದರೆ ಮಾಟುಂಗಾದ ನಮ್ಮ ಕನ್ನಡ ಬಳಗದ ಹಿರಿಯರು, "ಮೊಬೈಲಲ್ಲಿ ಟುಂಯ್ ಟುಂಯ್ ಅನ್ನುತ್ತಲ್ಲ, ಅದಾ?" ಎಂದು ಕೇಳುತ್ತಾರೆ. ಅದೂ ಹೌದು. ಆಡಿಯೊ ನಾಟಕ ಅಂದರೆ ಅವರಿಗೆ ಬೇಗ ಅರ್ಥವಾಗುತ್ತದೆ. ಧಾರವಾಡ ಆಕಾಶವಾಣಿ ಕೇಳಿ ಬೆಳೆದವರು, ಅಲ್ವಾ?

ಡೊಂಬಿವಲಿಯ ಮನೆಯ ಒಂದು ಕೋಣೆಯಲ್ಲಿ ಕೂತು ಕೆಲವು ವರ್ಷಗಳಿಂದ ಎರಡೂ ಮಾಡುತ್ತಿದ್ದೇನೆ. ಸಾಮಾನು ಒಂದೇ: ಕಂಪ್ಯೂಟರ್, ಕೀಬೋರ್ಡ್, ಮೈಕ್, ಹೆಡ್‌ಫೋನ್. ಆದರೆ ಒಂದರಲ್ಲಿ ಪಳಗಿದ ಕಿವಿ ಇನ್ನೊಂದರಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಯಾವುದರಿಂದ ಶುರು ಮಾಡಲಿ ಎಂದು ಕೇಳುವವರಿಗೆ ನನ್ನ ಉತ್ತರ: ಆಡಿಯೊ ನಾಟಕ. ಗೇಮ್ ಸಂಗೀತ ನನಗೆ ಹೆಚ್ಚು ಇಷ್ಟ, ಆದರೂ.

ಗೇಮ್‌ನ ತೊಡಕು ಸಮಯದ್ದು. ಆಟಗಾರ ಒಂದು ಗುಹೆಯಲ್ಲಿ ಹತ್ತು ಸೆಕೆಂಡ್ ಇರುತ್ತಾನೋ, ದಾರಿ ಸಿಗದೆ ಅರ್ಧ ಗಂಟೆ ಸುತ್ತುತ್ತಾನೋ, ಯಾರಿಗೂ ಗೊತ್ತಿಲ್ಲ. ಯಕ್ಷಗಾನದಲ್ಲಿ ಭಾಗವತರು ವೇಷಧಾರಿಯನ್ನು ನೋಡಿಕೊಂಡೇ ಪದ ಎಳೆಯುತ್ತಾರೆ, ಮುಗಿಸುತ್ತಾರೆ. ಗೇಮ್‌ನಲ್ಲಿ ಆ ಕೆಲಸ ಸಾಫ್ಟ್‌ವೇರ್‌ನದು. ಲೂಕಾಸ್‌ಆರ್ಟ್ಸ್ ಎಂಬ ಗೇಮ್ ಕಂಪನಿಯ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಕಟ್ಟಿದ ಐಮ್ಯೂಸ್ ಎಂಬ ಸಾಫ್ಟ್‌ವೇರ್ 1991ರ 'ಮಂಕಿ ಐಲೆಂಡ್ 2' ಗೇಮ್‌ನಲ್ಲೇ ಇದನ್ನು ಮಾಡಿ ತೋರಿಸಿತ್ತು. ಜಾಗ ಬದಲಾದ ಹಾಗೆ ಸಂಗೀತವೂ ಎಲ್ಲೂ ಕಡಿಯದೆ ಬದಲಾಗುತ್ತಿತ್ತು.

ಈಗ ನಾವು ಮಾಡುವುದು ಮುಖ್ಯವಾಗಿ ಎರಡು ರೀತಿ. ಒಂದು, ಪದರ ಪದರವಾಗಿ. ಸುಮ್ನೆ ಅಡ್ಡಾಡುವಾಗ ಶ್ರುತಿ ಮತ್ತು ಕೊಳಲು, ಅಪಾಯ ಹತ್ತಿರ ಬಂದರೆ ಮದ್ದಳೆ, ಕಾದಾಟಕ್ಕೆ ಚೆಂಡೆ. ಎಲ್ಲ ಪದರಗಳೂ ಒಂದೇ ಉದ್ದ, ಒಂದೇ ಲಯ. ಮೊದಲಿಂದಲೂ ಒಟ್ಟಿಗೇ ಓಡುತ್ತಿರುತ್ತವೆ, ಗೇಮ್ ಬೇಕಾದ್ದರ ದನಿ ಏರಿಸುತ್ತದೆ, ಅಷ್ಟೇ. ಇನ್ನೊಂದು, ಸಂಗೀತವನ್ನು ತುಂಡು ಮಾಡಿ, ಆವರ್ತ ಮುಗಿದಾಗ ಮುಂದಿನ ತುಂಡಿಗೆ ಹಾರುವುದು. ನನಗೆ ಮೊದಲನೆಯದೇ ಸಲೀಸು. ತಾಳ ನಿಧಾನವಿದ್ದರೆ ಎರಡನೆಯದರಲ್ಲಿ ಆವರ್ತ ಮುಗಿಯುವ ಹೊತ್ತಿಗೆ ಶತ್ರು ಸತ್ತೇ ಹೋಗಿರುತ್ತಾನೆ.

(ಚೆಂಡೆ ರೆಕಾರ್ಡ್ ಮಾಡುವುದೇ ಒಂದು ಕತೆ. ಮಳೆಗಾಲದಲ್ಲಿ ಕರಾವಳಿಯ ಮೇಳಗಳಿಗೆ ಬಿಡುವು, ಕಲಾವಿದರು ಮುಂಬೈಗೆ ಬರುವುದು ಆಗ. ಚರ್ಮ ತೇವಕ್ಕೆ ಸಡಿಲವಾಗಿ ಶ್ರುತಿ ಇಳಿಯುವುದೂ ಆಗಲೇ.)

ಲೂಪ್ ಮಾಡುವುದು, ಅಂದರೆ ಒಂದೇ ಟ್ರ್ಯಾಕ್ ಮುಗಿದ ಕೂಡಲೇ ಮತ್ತೆ ಮೊದಲಿಂದ ತಿರುಗುವಂತೆ ಮಾಡುವುದು, ಸುಲಭ ಅನ್ನಿಸುತ್ತದೆ, ಆದರೆ ಕೊನೆಯ ಸ್ವರದ ಗುಂಯ್‌ಗಾಟ ಲೂಪ್ ತಿರುಗಿದ ಕ್ಷಣ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಅದಕ್ಕೆ ಇಡೀ ಟ್ರ್ಯಾಕನ್ನು ಬೆನ್ನುಬೆನ್ನಿಗೆ ಎರಡು ಸಲ ನುಡಿಸಿ, ಎರಡನೆಯ ಸುತ್ತನ್ನು ಮಾತ್ರ ಕತ್ತರಿಸಿಕೊಳ್ಳಬೇಕು. ಆಗ ಮೊದಲ ಸುತ್ತಿನ ಬಾಲ ಎರಡನೆಯದರ ತಲೆಯಲ್ಲಿ ಸೇರಿರುತ್ತದೆ. ಎಂಪಿ3 ಮಾತ್ರ ಬೇಡ. ಅದು ಫೈಲಿನ ಶುರುವಿನಲ್ಲಿ ಚೂರು ಮೌನ ಸೇರಿಸುತ್ತದೆ, ಪ್ರತಿ ಸುತ್ತಿಗೂ ಮುಗ್ಗರಿಸಿದ ಹಾಗೆ ಕೇಳುತ್ತದೆ. ವೇವ್ ಅಥವಾ ಆಗ್ ಫೈಲ್ ಕೊಡಿ.

ಇವನ್ನೆಲ್ಲ ಗೇಮ್‌ಗೆ ಜೋಡಿಸಲು ಎಫ್‌ಮಾಡ್, ವೈಸ್ ಎಂಬ ಎರಡು ಸಾಫ್ಟ್‌ವೇರ್‌ಗಳನ್ನೂ ಬಳಸಿದ್ದೇನೆ. ಎಫ್‌ಮಾಡ್‌ನ ಟೈಮ್‌ಲೈನ್ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸಿದವರಿಗೆ ಬೇಗ ಒಗ್ಗುತ್ತದೆ. ವೈಸ್ ದೊಡ್ಡ ತಂಡಕ್ಕೆ ಸರಿ, ಒಬ್ಬರೇ ಇದ್ದರೆ ಗೋಜಲು. ಚಿಕ್ಕ ಮೊಬೈಲ್ ಗೇಮ್‌ನವರು ಬಹಳ ಸಲ ಎರಡನ್ನೂ ಬಳಸುವುದಿಲ್ಲ, ನಾಲ್ಕು ಲೂಪ್ ಕೇಳುತ್ತಾರೆ, ಮುಗಿಯಿತು.

ಆಡಿಯೊ ನಾಟಕದಲ್ಲಿ ಸಮಯ ಕಟ್ಟಿಟ್ಟ ಹಾಗೆ. ಧ್ವನಿಮುದ್ರಣ ಮುಗಿದ ಮೇಲೇ ನಮ್ಮ ಕೈಗೆ ಬರುತ್ತದೆ. ಇಲ್ಲಿ ಜಗಳ ಮಾತಿನೊಂದಿಗೆ. ಮಾತು ಸ್ಪಷ್ಟವಾಗುವುದು ಹೆಚ್ಚುಕಡಿಮೆ 1ರಿಂದ 4 ಕಿಲೋಹರ್ಟ್ಸ್ ನಡುವೆ. ಪಿಟೀಲು, ಕೊಳಲಿನ ಹೊಳಪೂ ಅಲ್ಲೇ. ಗೇಮ್‌ನಲ್ಲಿ ನನ್ನ ಕೈಹಿಡಿಯುವ ಕೊಳಲನ್ನು ಇಲ್ಲಿ ಮಾತಿಲ್ಲದ ಜಾಗಕ್ಕೆ ಎತ್ತಿಡಬೇಕಾಗುತ್ತದೆ. ಮೇಲಾಗಿ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. "ನಾನು ಅವನನ್ನು..." ಎಂದು ನಟಿ ತಡೆದ ಕೂಡಲೇ ಸಂಗೀತ ಏರಿಸಿದರೆ "ಕೊಂದೆ" ಅನ್ನುವುದು ಮುಳುಗಿಹೋಗುತ್ತದೆ. ಭಾಷೆ ಬಲ್ಲವರಿಗೆ ಈ ಕೆಲಸ ಸಿಗಲು ಇದೂ ಒಂದು ಕಾರಣ.

ಕೇಳುಗರಿಗೆ ಚಿತ್ರವಿಲ್ಲ. ಮರುದಿನ ಆಯಿತು, ಊರು ಬದಲಾಯಿತು ಅನ್ನುವುದನ್ನು ಎರಡು ಮೂರು ಸೆಕೆಂಡಿನ ತುಣುಕೇ ಹೇಳಬೇಕು. ಹಳೆಯ ರೇಡಿಯೊ ನಾಟಕಗಳಲ್ಲಿ ಸಿತಾರಿನ ಒಂದು ಮೀಟು ಸಾಕಾಗುತ್ತಿತ್ತು. ಈಗ ಕೇಳುವವರು ಲೋಕಲ್ ರೈಲಿನಲ್ಲಿ ಅಗ್ಗದ ಇಯರ್‌ಫೋನ್ ಹಾಕಿಕೊಂಡಿರುತ್ತಾರೆ. ರೈಲಿನ ಸದ್ದಿಗೆ ತಗ್ಗಿನ ನಾದ ಪೂರ್ತಿ ಮಾಯ. ಹಾಗಾಗಿ ಮಿಕ್ಸ್ ಮುಗಿದ ಮೇಲೆ ಠಾಣೆವರೆಗೆ ಹೋಗಿ ಕೇಳಿಕೊಂಡು ಬರುತ್ತೇನೆ. ದನಿಮಟ್ಟವೂ ಬೇರೆ. ಪಾಡ್‌ಕಾಸ್ಟ್‌ಗಳಿಗೆ ಸಾಮಾನ್ಯವಾಗಿ ಮೈನಸ್ 16 ಎಲ್‌ಯುಎಫ್‌ಎಸ್ (ಒಟ್ಟಾರೆ ದನಿ ಎಷ್ಟು ಜೋರು ಅನ್ನುವುದರ ಅಳತೆ), ಪ್ಲೇಸ್ಟೇಷನ್ ಗೇಮ್‌ಗಳಿಗೆ ಸೋನಿಯ ಮಾರ್ಗಸೂಚಿ ಮೈನಸ್ 24, ಅಂದರೆ ಇನ್ನೂ ಮೆಲ್ಲಗೆ. ಸೋಫಾದಲ್ಲಿ ಕೂತು ಆಡುವವರಿಗೆ ಪಿಸುಮಾತಿಗೂ ಸ್ಫೋಟಕ್ಕೂ ಜಾಗ ಸಿಗುತ್ತದೆ.

ದುಡ್ಡಿಗೆ ಬರೋಣ. ಗೇಮ್‌ನವರು ನಿಮಿಷದ ಲೆಕ್ಕದಲ್ಲಿ ಕೊಡುತ್ತಾರೆ, ದರ ಚೆನ್ನಾಗಿಯೇ ಇರುತ್ತದೆ. ಆದರೆ ಒಂದೇ ಸಲ. ಗೇಮ್ ಅರ್ಧಕ್ಕೆ ನಿಂತರೆ ಸಂಗೀತ ಡಬ್ಬಿಯಲ್ಲೇ ಉಳಿಯುತ್ತದೆ, ಗೋಪ್ಯತೆಯ ಕರಾರು ಇರುವುದರಿಂದ ಯಾರಿಗೂ ಕೇಳಿಸುವಂತಿಲ್ಲ. ನನಗೂ ಹಾಗಾಗಿದೆ. ಪೈಪೋಟಿ ಇಡೀ ಲೋಕದ್ದು. ಪುಣೆಯ ನಾಡಿಂಗ್ ಹೆಡ್ಸ್ 2020ರಲ್ಲಿ ತಂದ 'ರಾಜಿ' ನಮ್ಮ ಪುರಾಣಗಳ ಮೇಲೆ ನಿಂತ ಗೇಮ್. ಸಂಗೀತ ಗ್ರೀಸ್‌ನ ಲಿನೋಸ್ ಜೆಲೋಸ್ ಅವರದು. ಚೆನ್ನಾಗಿದೆ, ತಕರಾರಿಲ್ಲ. ಪಕ್ಕದ ಊರು ಅನ್ನುವ ಕಾರಣಕ್ಕೆ ಕೆಲಸ ನಮಗೇ ಬರುವುದಿಲ್ಲ ಅನ್ನುವುದಕ್ಕೆ ಹೇಳಿದೆ. ಗೌರವ ಮಾತ್ರ ಗೇಮ್ ಕಡೆಗೇ ಜಾಸ್ತಿ. 2023ರಿಂದ ಗ್ರ್ಯಾಮಿಯಲ್ಲೂ ಅದಕ್ಕೆ ಪ್ರತ್ಯೇಕ ಪ್ರಶಸ್ತಿ ಇದೆ.

ನಾಟಕದಲ್ಲಿ ಕಂತಿನ ಲೆಕ್ಕ. ದರ ಕಡಿಮೆ, ಆದರೆ ಧಾರಾವಾಹಿ ಓಡುವಷ್ಟು ದಿನ ತಿಂಗಳ ಬಾಡಿಗೆಗೆ ತೊಂದರೆಯಿಲ್ಲ. ಇನ್ನೊಂದು ಅನುಕೂಲವನ್ನು ಹೊಸಬರು ಗಮನಿಸುವುದಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದ ಮೇಲೆ, ಸಿನಿಮಾದ ಭಾಗವಲ್ಲದ ಧ್ವನಿಮುದ್ರಣದಲ್ಲೂ ಸಂಯೋಜಕರ ರಾಯಲ್ಟಿ ಹಕ್ಕನ್ನು ನಿರ್ಮಾಪಕರು ಬರೆಸಿಕೊಳ್ಳುವಂತಿಲ್ಲ. ಅದನ್ನು ಸಂಯೋಜಕರ ಪರವಾಗಿ ವಸೂಲಿ ಮಾಡುವ ಸಂಸ್ಥೆ ಐಪಿಆರ್‌ಎಸ್‌ನ ಕಚೇರಿ ಮುಂಬೈಯಲ್ಲೇ ಇದೆ. ಸದಸ್ಯರಾಗಿ, ಕೃತಿಗಳನ್ನು ನೋಂದಾಯಿಸಿ.

ಈಗ ನಾಟಕದ ಜೊತೆಗೆ ಒಂದು ಚಿಕ್ಕ ತಂಡದ ಗೇಮ್ ಕೈಯಲ್ಲಿದೆ. ಒಪ್ಪುವ ಮೊದಲೇ ಕೇಳಿದ್ದೆ: ಕೆಲಸ ನಿಂತರೆ ಮಾಡಿದಷ್ಟಕ್ಕೆ ಹಣ, ಆಮೇಲೆ ಸಂಗೀತವನ್ನು ನಾನು ಕೇಳಿಸಲು ಅನುಮತಿ, ಮತ್ತು ನಾನೇ ಆಡಿ ನೋಡಲು ಗೇಮ್‌ನ ಪ್ರತಿ. ಮೊದಲ ಎರಡಕ್ಕೆ ಒಪ್ಪಿದರು. ಮೂರನೆಯದಕ್ಕೆ "ವಿಡಿಯೊ ಕಳಿಸ್ತೀವಿ ಸರ್, ಸಾಕಲ್ವಾ?" ಅಂದರು. ಸಾಕಾಗುವುದಿಲ್ಲ. ವಿಡಿಯೊದಲ್ಲಿ ಆಡುವವನು ಸರಸರ ಮುಂದೆ ಹೋಗುತ್ತಾನೆ. ಬಾಗಿಲಿನ ಒಗಟು ಬಿಡಿಸಲಾಗದೆ ಅಲ್ಲೇ ನಿಂತವನಿಗೆ ಲೂಪ್ ಎಷ್ಟನೇ ಸುತ್ತಿಗೆ ತಲೆ ಚಿಟ್ಟು ಹಿಡಿಸುತ್ತದೆ ಅನ್ನುವುದು ನನಗೆ ಗೊತ್ತಾಗಬೇಕಿತ್ತು.