ಬ್ಯಾಲೆನ್ಸ್ ಶಾಫ್ಟ್ ಡಿಲೀಟ್ ಕಿಟ್: ಶಾಫ್ಟ್ ಚೆನ್ನಾಗಿದೆ, ಆದ್ರೆ ಬೇರಿಂಗ್ ನೋಡಿ ತಗೊಳ್ಳಿ

ಮಿತ್ಸುಬಿಷಿ 4ಜಿ63 ಎರಡು ಲೀಟರ್ ಟರ್ಬೊ ಇಂಜಿನ್‌ಗೆ ಹಾಕೋ ಬ್ಯಾಲೆನ್ಸ್ ಶಾಫ್ಟ್ ಡಿಲೀಟ್ ಕಿಟ್ ಇದು, ಅಂದ್ರೆ ಇಂಜಿನ್ ನಡುಕ ತಡೆಯೋ ಶಾಫ್ಟ್‌ಗಳನ್ನ ಕಿತ್ತುಹಾಕೋಕೆ ಬೇಕಾದ ಸಾಮಾನು, ಮನೇಲೇ ಕೂತು ಹಾಕಿದ್ದು. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ಇಂಥ ಕಿಟ್ ಮಾಡೋರು ಬೇಜಾನ್ ಜನ ಇದಾರೆ, ಡಬ್ಬದೊಳಗೆ ಇರೋದು ಹೆಚ್ಚುಕಮ್ಮಿ ಒಂದೇ ಸಾಮಾನು. ಒಂದು ಸ್ಟಬ್ ಶಾಫ್ಟ್, ಫ್ರಂಟ್ ಕೇಸ್ (ಇಂಜಿನ್ ಮುಂದಿನ ಕವರ್) ತೂತಿಗೆ ಹೊಡಿಯೋ ಒಂದು ಪ್ಲಗ್, ಕೆಲವು ಕಿಟ್‌ಗಳಲ್ಲಿ ಮಾತ್ರ ತೂತಿಲ್ಲದ ಬೇರಿಂಗ್. ಈ "ಕೆಲವು ಕಿಟ್‌ಗಳಲ್ಲಿ ಮಾತ್ರ" ಅನ್ನೋದೇ ನನ್ನ ಇಡೀ ರಿವ್ಯೂ ಅಂದ್ಕೊಳ್ಳಿ.

ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ನಾಲ್ಕು ಸಿಲಿಂಡರ್ ಇಂಜಿನ್‌ನಲ್ಲಿ ಎರಡು ಪಿಸ್ಟನ್ ಮೇಲೆ ಹೋದ್ರೆ ಎರಡು ಕೆಳಗೆ ಬರ್ತವೆ, ಸರಿಹೋಯ್ತಲ್ಲ ಅನ್ಸತ್ತೆ, ಆದ್ರೆ ಕನೆಕ್ಟಿಂಗ್ ರಾಡ್ ವಾಲ್ಕೊಂಡು ತಿರುಗೋದ್ರಿಂದ ಪಿಸ್ಟನ್ ಮೇಲಿನ ಅರ್ಧದಲ್ಲಿ ಓಡೋ ಸ್ಪೀಡೇ ಬೇರೆ ಕೆಳಗಿನ ಅರ್ಧದಲ್ಲಿ ಓಡೋ ಸ್ಪೀಡೇ ಬೇರೆ, ಹಾಗಾಗಿ ಕ್ರ್ಯಾಂಕ್ ಒಂದು ಸುತ್ತು ಹಾಕೋದ್ರೊಳಗೆ ಇಂಜಿನ್ ಎರಡು ಸಲ ಮೇಲೆ ಕೆಳಗೆ ಕುಲುಕತ್ತೆ. ಇದನ್ನ ಹೊಡೆದುಹಾಕೋಕೆ ಬ್ಯಾಲೆನ್ಸ್ ಶಾಫ್ಟ್ ಅಂತ ಒಂದು ಕಡೆ ಭಾರ ಇರೋ ಎರಡು ಶಾಫ್ಟ್‌ನ ಕ್ರ್ಯಾಂಕ್‌ಗಿಂತ ಡಬಲ್ ಸ್ಪೀಡಲ್ಲಿ ಒಂದಕ್ಕೊಂದು ಉಲ್ಟಾ ತಿರುಗಿಸ್ತಾರೆ. ಐಡಿಯಾ ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್‌ದು, ಕಳೆದ ಶತಮಾನದ ಶುರೂದು. ಮಿತ್ಸುಬಿಷಿ 1970ರ ದಶಕದಲ್ಲಿ ಒಂದು ಶಾಫ್ಟ್ ಮೇಲೆ ಇನ್ನೊಂದು ಕೆಳಗೆ ಕೂರಿಸಿ "ಸೈಲೆಂಟ್ ಶಾಫ್ಟ್" ಅಂತ ಹೆಸರಿಟ್ಟು ತಂತು, ಪೋರ್ಷೆ 944ಗೂ ಇದನ್ನೇ ಲೈಸೆನ್ಸ್ ತಗೊಂಡು ಹಾಕಿದ್ರು. ಅಂದ್ರೆ ಬೇಡದೇ ಇರೋ ವಸ್ತು ಅಲ್ಲ ಇದು, ತಲೆ ಇರೋರು ತಲೆ ಓಡಿಸೇ ಇಟ್ಟಿದ್ದು.

ಮತ್ಯಾಕೆ ಕೀಳೋದು? ಪವರ್‌ಗೆ ಅಂತ ಕಿಟ್ ಮಾರೋರು ಹೇಳ್ತಾರೆ, ಬಿಡಿ, ರಸ್ತೇಲಿ ಓಡಿಸೋರಿಗೆ ಅದು ಗೊತ್ತೂ ಆಗಲ್ಲ, ಹೈ ಆರ್‌ಪಿಎಮ್‌ಗೆ ಬೇಗ ಏರತ್ತೆ ಅಷ್ಟೆ. ನಿಜವಾದ ಕಾರಣ ಬೆಲ್ಟು. ಈ ಇಂಜಿನ್‌ನಲ್ಲಿ ಒಂದು ಶಾಫ್ಟ್ ಆಯಿಲ್ ಪಂಪ್ ಗೇರ್ ಜೊತೆ ತಿರುಗತ್ತೆ, ಇನ್ನೊಂದಕ್ಕೆ ಅಂತ್ಲೇ ಟೈಮಿಂಗ್ ಬೆಲ್ಟ್ (ಪಿಸ್ಟನ್ ಓಟಕ್ಕೆ ಸರಿಯಾಗಿ ವಾಲ್ವ್ ತೆಗೆದು ಮುಚ್ಚಿಸೋ ದೊಡ್ಡ ಬೆಲ್ಟ್) ಹಿಂದೆ ಒಂದು ಸಣ್ಣ ಬೆಲ್ಟ್ ಇದೆ. ಆ ಸಣ್ಣ ಬೆಲ್ಟ್ ಕಿತ್ಕೊಂಡು ಹೋಗಿ ದೊಡ್ಡ ಬೆಲ್ಟಿಗೆ ಸಿಕ್ಕಾಕ್ಕೊಂಡ್ರೆ ಟೈಮಿಂಗ್ ಜಂಪ್ ಆಗತ್ತೆ, ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದತ್ತೆ, ಹೆಡ್ ಬಿಚ್ಚೋದು ಗ್ಯಾರಂಟಿ. ಇಂಜಿನ್ ನಡುಕ ತಪ್ಪಿಸೋಕೆ ಇಟ್ಟ ಬೆಲ್ಟೇ ಇಂಜಿನ್ ತಿಂದುಹಾಕತ್ತೆ ಅಂದ್ರೆ ಏನ್ ಹೇಳೋಣ.

ಅದಕ್ಕೆ ಸುಮಾರು ಜನ ಏನ್ ಮಾಡ್ತಾರೆ ಅಂದ್ರೆ ಆ ಸಣ್ಣ ಬೆಲ್ಟ್ ಮಾತ್ರ ಕಿತ್ತು ಬಿಸಾಕಿ ಮಿಕ್ಕಿದ್ದೆಲ್ಲ ಹಂಗೇ ಬಿಡ್ತಾರೆ. ದಯವಿಟ್ಟು ಬೇಡ. ಆಯಿಲ್ ಪಂಪ್ ಕಡೆ ಶಾಫ್ಟ್ ಇನ್ನೂ ತಿರುಗ್ತಾನೇ ಇರತ್ತೆ, ಅದರ ಅಡ್ಡ ಹೊಡೆತನ ಸರಿದೂಗಿಸ್ತಿದ್ದ ಜೋಡಿ ನಿಂತುಹೋಗಿದೆ, ಮೇಲೆ ಕೆಳಗಿನ ನಡುಕ ಅರ್ಧ ಉಳಿಯತ್ತೆ, ಜೊತೆಗೆ ಎಡಕ್ಕೆ ಬಲಕ್ಕೆ ಹೊಸದಾಗಿ ಒಂದು ನಡುಕ ಸೇರತ್ತೆ. ತೆಗೆದ್ರೆ ಎರಡೂ ತೆಗೀರಿ, ಇಲ್ಲಾಂದ್ರೆ ಎರಡೂ ಇರ್ಲಿ.

ಈಗ ಕಿಟ್ ವಿಷಯ. ಸ್ಟಬ್ ಶಾಫ್ಟ್ ಅಂದ್ರೆ ಪಂಪ್ ಕಡೆಯ ಉದ್ದ ಶಾಫ್ಟ್ ಜಾಗಕ್ಕೆ ಬರೋ ಮೋಟು ಶಾಫ್ಟು, ಪಂಪ್ ಗೇರ್ ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ಲ. ನಂಗೆ ಬಂದಿದ್ದು ನುಣ್ಣಗೆ ಗ್ರೈಂಡ್ ಆಗಿತ್ತು, ಉಗುರಿಗೆ ಎಲ್ಲೂ ಗೆರೆ ಸಿಗ್ಲಿಲ್ಲ, ಗೇರ್ ಜಾರ್ಕೊಂಡು ಹೋಗಿ ಕೂತ್ಕೊಳ್ತು, ಆಟ ಇಲ್ಲ. ಇದಕ್ಕೆ ಫುಲ್ ಮಾರ್ಕ್ಸ್. ಪ್ಲಗ್ ಕೂಡ ಓಕೆ, ಟೈಟಾಗಿ ಹೋಯ್ತು, ಸುತ್ತ ಸ್ವಲ್ಪ ಸೀಲಂಟ್ ಹಚ್ಚಿ ಸರಿಯಾದ ಸೈಜಿನ ಸಾಕೆಟ್ ಇಟ್ಟು ನೇರಕ್ಕೆ ಬಡಿದ್ರೆ ಸಾಕು.

ಬೇರಿಂಗ್? ಇಲ್ವೇ ಇಲ್ಲ! ಜೊತೆಗೆ ಬಂದ ಹಾಳೇಲಿ "ಹಳೇ ಬೇರಿಂಗ್ ತಿರುಗಿಸಿಕೊಳ್ಳಿ" ಅಂತ ಒಂದೇ ಸಾಲು. ಬ್ಲಾಕ್ ಒಳಗೆ ಶಾಫ್ಟ್ ಕೂರೋ ಕಡೆ ಬೇರಿಂಗ್‌ಗೆ ಆಯಿಲ್ ಬರೋ ತೂತಿದೆ, ಶಾಫ್ಟ್ ತೆಗೆದ್ಮೇಲೆ ಆ ತೂತು ಖಾಲಿ ಬಾಯಿ ಬಿಟ್ಕೊಂಡಿರತ್ತೆ, ಪಂಪ್ ತಳ್ಳಿದ ಆಯಿಲ್ ಅಲ್ಲಿಂದ ನೇರ ಇಂಜಿನ್ ತಳದ ಆಯಿಲ್ ಚೇಂಬರ್‌ಗೆ ಸುರಿದ್ಹೋಗತ್ತೆ, ಮೇನ್ ಬೇರಿಂಗ್‌ಗೆ ಟರ್ಬೊಗೆ ಪ್ರೆಶರ್ ಎಲ್ಲಿಂದ ಬರ್ಬೇಕು? ಇಡೀ ಕೆಲಸದ ಪ್ರಾಣ ಇರೋದೇ ಇಲ್ಲಿ, ಅದಕ್ಕೇ ಒಂದು ಸಾಲು ಕೊಟ್ಟಿದಾರೆ ಪುಣ್ಯಾತ್ಮರು.

ತಿರುಗಿಸೋದು ಅಂದ್ರೆ ಸುಲಭ ಅಲ್ಲ. ಬೇರಿಂಗ್ ಬಿಗಿಯಾಗಿ ಕೂತಿರತ್ತೆ, ಹಿಂದಿನದು ಬ್ಲಾಕಿನ ಆಳದಲ್ಲಿದೆ, ಉದ್ದ ಥ್ರೆಡ್ ರಾಡ್‌ಗೆ ವಾಷರ್ ನಟ್ಟು ಹಾಕಿ ಎಳೆದು ಹೊರಗೆ ತಂದು ತೂತು ಬೇರೆ ಕಡೆ ಬರೋ ಹಾಗೆ ವಾಪಸ್ ಒತ್ತಬೇಕು. ಒತ್ತಿದ್ಮೇಲೆ ಟಾರ್ಚ್ ಬಿಟ್ಟು ನೋಡಿ, ಆಯಿಲ್ ದಾರಿ ಚಂದ್ರನ ಚೂರಿನಷ್ಟೂ ಕಾಣಬಾರದು. ಒಂದು ಸಲ ಕಿತ್ತ ಬೇರಿಂಗ್ ಮೊದಲಿನ ಹಿಡಿತ ಕೊಡತ್ತೆ ಅಂತ ನಂಬೋಕಾಗಲ್ಲ, ಅದಕ್ಕೇ ನಾನು ತೂತಿಲ್ಲದ ಬೇರಿಂಗ್ ಬೇರೆ ತರಿಸಿ ಹಾಕಿದೆ. ಪಂಪ್ ಹತ್ರ ಸ್ಟಬ್ ಶಾಫ್ಟ್ ತಿರುಗೋ ಜಾಗಕ್ಕೆ ಮಾತ್ರ ಆಯಿಲ್ ಬೇಕೇ ಬೇಕು, ಜೋಶಲ್ಲಿ ಅದನ್ನೂ ಮುಚ್ಚಿಬಿಟ್ಟೀರಾ.

ಬಿಚ್ಚೋವಾಗ ಕೈ ಕೊಡೋ ಜಾಗ ಇನ್ನೊಂದಿದೆ. ಪಂಪ್ ಗೇರ್ ಬೋಲ್ಟ್ ಲೂಸ್ ಮಾಡೋಕೆ ಹೋದ್ರೆ ಶಾಫ್ಟೂ ಜೊತೆಗೇ ತಿರುಗತ್ತೆ. ಬ್ಲಾಕ್ ಪಕ್ಕದಲ್ಲಿ ಒಂದು ಪ್ಲಗ್ ಇದೆ, ಅದನ್ನ ಬಿಚ್ಚಿ 8 ಎಂಎಂ ದಪ್ಪದ ಸ್ಕ್ರೂಡ್ರೈವರ್ ತೂರಿಸಿದ್ರೆ ಶಾಫ್ಟ್ ಲಾಕ್ ಆಗತ್ತೆ. ಟೈಮಿಂಗ್ ಬೆಲ್ಟ್ ಹಾಕೋವಾಗ ಆಯಿಲ್ ಪಂಪ್ ಸ್ಪ್ರಾಕೆಟ್ (ಬೆಲ್ಟ್ ಕೂರೋ ಹಲ್ಲಿನ ಚಕ್ರ) ಮಾರ್ಕ್ ಸರಿಯಿದ್ರೂ ಶಾಫ್ಟ್ ಉಲ್ಟಾ ಕೂತಿದ್ಯಾ ಅಂತ ಇದೇ ತೂತಲ್ಲಿ ಚೆಕ್ ಮಾಡ್ತಿದ್ದದ್ದು, ಡಿಲೀಟ್ ಮಾಡಿದ್ಮೇಲೆ ಆ ತಲೆನೋವು ಹೋಯ್ತು. ಇದೊಂದು ಮಾತ್ರ ನಿಜವಾದ ಸುಖ. ಮತ್ತೆ ಕ್ರ್ಯಾಂಕ್ ಮೇಲಿರೋ ಸಣ್ಣ ಬೆಲ್ಟಿನ ಸ್ಪ್ರಾಕೆಟ್ ಬೆಲ್ಟ್ ಇಲ್ವಲ್ಲ ಅಂತ ಎಸೀಬೇಡಿ, ಅದು ಸ್ಪೇಸರ್ ಕೆಲಸನೂ ಮಾಡತ್ತೆ, ಬದಲಿ ಸ್ಪೇಸರ್ ಕೊಟ್ಟಿದ್ರೆ ಮಾತ್ರ ತೆಗೀರಿ. ಪಂಪ್ ಗೇರ್‌ಗಳಿಗೆ ಅಸೆಂಬ್ಲಿ ಲ್ಯೂಬ್ ಚೆನ್ನಾಗಿ ಮೆತ್ತಿ ಮುಚ್ಚಿ, ಒಣ ಪಂಪ್ ಆಯಿಲ್ ಎಳೆಯೋಕೆ ಒದ್ದಾಡತ್ತೆ.

ಇಂಜಿನ್ ಕಾರಲ್ಲೇ ಇಟ್ಟು ಮಾಡಿದೋರಿದಾರೆ. ಇಂಜಿನ್ ಇಳಿಸಿ ಸ್ಟ್ಯಾಂಡ್ ಮೇಲೆ ಇಡೋ ಅನುಕೂಲ ಇಲ್ಲದೇ ಇದ್ರೆ ನನ್ನ ಪ್ರಕಾರ ಕೈ ಹಾಕ್ಬೇಡಿ, ಹಿಂದಿನ ಬೇರಿಂಗ್ ಹತ್ರ ಜಾಗಾನೇ ಇಲ್ಲ, ಕಣ್ಣಿಗೆ ಕಾಣದ ಜಾಗಕ್ಕೆ ಅಂದಾಜಲ್ಲಿ ಬಡಿಯೋ ಕೆಲಸ ಅಲ್ಲ ಇದು.

ಸ್ಟಾರ್ಟ್ ಮಾಡಿದ್ಮೇಲೆ ಹೆಂಗಿದೆ? ಐಡಲ್‌ನಲ್ಲಿ ವ್ಯತ್ಯಾಸ ಕಮ್ಮಿ, 3000 ದಾಟಿದ್ಮೇಲೆ ಸ್ಟೀರಿಂಗಲ್ಲಿ ಪೆಡಲಲ್ಲಿ ಸಣ್ಣಗೆ ಜುಂ ಅನ್ನತ್ತೆ, ಈ ಹೊಡೆತ ಆರ್‌ಪಿಎಮ್ ವರ್ಗದ ಲೆಕ್ಕದಲ್ಲಿ ಏರೋದು, 3000ದಲ್ಲಿ ಇದ್ದದ್ದು 6000ಕ್ಕೆ ನಾಲ್ಕು ಪಟ್ಟು. ಇಂಜಿನ್ ಹಿಡಿದಿಡೋ ಒರಿಜಿನಲ್ ರಬ್ಬರ್ ಮೌಂಟ್ ಇದ್ರೆ ಸಹಿಸ್ಕೋಬಹುದು, ಗಟ್ಟಿ ಮೌಂಟ್ ಹಾಕಿದ್ರೆ ಡ್ಯಾಶ್‌ಬೋರ್ಡ್ ಹಾಡತ್ತೆ. ಆಯಿಲ್ ಪ್ರೆಶರ್ ಗೇಜ್ ಇಲ್ಲದೆ ಇದನ್ನ ಮಾಡಲೇಬೇಡಿ, ಯಾಕಂದ್ರೆ ತೂತು ಸರಿಯಾಗಿ ಮುಚ್ಚಿದ್ರೆ ಆಯಿಲ್ ಹೋಗೋ ದಾರಿ ಕಮ್ಮಿಯಾಗಿ ತಣ್ಣಗಿದ್ದಾಗ ಪ್ರೆಶರ್ ಜಾಸ್ತಿನೇ ತೋರ್ಸತ್ತೆ, ಕೆಲವರು ಆಯಿಲ್ ಫಿಲ್ಟರ್ ಹೌಸಿಂಗ್‌ನಲ್ಲಿರೋ ರಿಲೀಫ್ ದಾರಿನ (ಜಾಸ್ತಿ ಪ್ರೆಶರ್ ಹೊರಗೆ ಬಿಡೋ ದಾರಿ) ದೊಡ್ಡದು ಮಾಡಿಸೋದು ಇದಕ್ಕೇ.

ದಿನಾ ಆಫೀಸಿಗೆ ಓಡಿಸೋ ಕಾರಾದ್ರೆ ಎರಡೂ ಬೆಲ್ಟ್ ಟೆನ್ಷನರ್ ಸಮೇತ ಟೈಮಿಗೆ ಸರಿಯಾಗಿ ಬದಲಾಯಿಸಿ, ಕಿಟ್ ಬೇಡ. 2.4 ಲೀಟರಿನ 4ಜಿ64 ಆದ್ರಂತೂ ಬೇಡವೇ ಬೇಡ, ನಡುಕ ಇನ್ನೂ ಜಾಸ್ತಿ. ಹೋಂಡಾ ಕೆ24 ಇರೋರು ಈ ಥರ ಕಿಟ್ ಹುಡುಕ್ಬೇಡಿ, ಅದರಲ್ಲಿ ಶಾಫ್ಟ್‌ಗಳು ಆಯಿಲ್ ಪಂಪ್ ಜೊತೆ ಚೇಂಬರ್ ಕಡೆ ಇರೋದು, ಬ್ಯಾಲೆನ್ಸ್ ಶಾಫ್ಟ್ ಇಲ್ಲದ ಹೋಂಡಾ ಕೆ20ಎ2 ಇಂಜಿನ್ ಪಂಪ್ ಹಾಕಿ ಮುಗಿಸ್ತಾರೆ. ಇಂಜಿನ್ ಹೆಂಗೂ ಪೂರ್ತಿ ಬಿಚ್ಚಿದೀರ, ಟ್ರ್ಯಾಕಿಗೆ ಅಂತ ಕಟ್ತಿದೀರ ಅಂದ್ರೆ ಧಾರಾಳವಾಗಿ ಹಾಕಿ. ಈ ಕಿಟ್‌ಗೆ ಐದಕ್ಕೆ ಮೂರು, ಕಮ್ಮಿಯಾದ ಎರಡೂ ಬೇರಿಂಗ್ ಕೊಡದೇ ಇದ್ದಿದ್ದಕ್ಕೆ. ಆರ್ಡರ್ ಹಾಕೋ ಮುಂಚೆ ಡಬ್ಬದಲ್ಲಿ ಏನೇನಿದೆ ಅನ್ನೋ ಪಟ್ಟಿ ಕೇಳಿ, ತೂತಿಲ್ಲದ ಬೇರಿಂಗ್ ಇಲ್ಲಾಂದ್ರೆ ಮುಂದಿನ ಕಿಟ್ ನೋಡಿ.