ವಿದೇಶಿ ಹೆಸರಿನ ಟಿಪ್ಪರ್ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಹಳದಿ ಗೆರೆಯಿಲ್ಲದ ಎರಡು ಬೋಲ್ಟುಗಳು

ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳ, ಬಾಯಾರು, ಪೈವಳಿಕೆ, ಪೆರ್ಲದ ಕಡೆ ಜಲ್ಲಿ ಮತ್ತು ಕೆಂಪುಕಲ್ಲು ಸಾಗಿಸುವ ಲಾರಿ ಮಾಲಕರಲ್ಲಿ ಕೆಲವರು ಈಗ ವಿದೇಶಿ ಹೆಸರಿನ ಟಿಪ್ಪರುಗಳನ್ನು ವಿಚಾರಿಸುತ್ತಿದ್ದಾರೆ. ಅವರಲ್ಲಿ ಇಬ್ಬರು ಕಳೆದ ವಾರ ನನ್ನ ಮನೆಗೇ ಬಂದು ಅಭಿಪ್ರಾಯ ಕೇಳಿದ್ದರಿಂದ, 2016ರಲ್ಲಿ ನನಗಾದ ಅನುಭವವನ್ನು ಎಲ್ಲರಿಗೂ ತಿಳಿಯುವಂತೆ ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನಾಗಲಿ ಡೀಲರರ ಹೆಸರನ್ನಾಗಲಿ ಬರೆಯುವುದಿಲ್ಲ. ಲಾರಿಯ ಮೂತಿಯ ಮೇಲಿದ್ದ ಲಾಂಛನವನ್ನು ನಂಬಿ, ಅದನ್ನು ಜೋಡಿಸಿದ ಕೆಲಸಗಾರರು ಆಗಲೇ ಹೇಳುತ್ತಿದ್ದ ಮಾತಿಗೆ ನಾನು ಕಿವಿಗೊಡಲಿಲ್ಲ. ಈ ತಪ್ಪು ಯಾವ ಹೆಸರಿನ ಲಾರಿಯ ವಿಷಯದಲ್ಲಿಯೂ ಆಗಬಹುದು.

ಆಗ ನನ್ನಲ್ಲಿ ಎರಡು ದೇಶೀ ಲಾರಿಗಳಿದ್ದವು. ಮೂರನೆಯದಾಗಿ ಹತ್ತು ಚಕ್ರದ ಟಿಪ್ಪರೊಂದನ್ನು ಸಾಲ ಮಾಡಿ ಕೊಳ್ಳಲು ಹೊರಟಿದ್ದೆ. ಡೀಲರರ ಅಂಗಳದಲ್ಲಿ ನಿಂತಿದ್ದ ಗಾಡಿಗೆ ಅವರಾಗಿಯೇ ಒಳ್ಳೆಯ ರಿಯಾಯಿತಿ ಹೇಳಿದರು. ಕಾರಣ ಕೇಳಿದಾಗ ಮಾರಾಟದ ಹುಡುಗ, “ಕಾರ್ಖಾನೆಯಲ್ಲಿ ಯೂನಿಯನಿನವರ ಗಲಾಟೆಯಾಗಿ ಸ್ಟಾಕು ಹಿಂದೆಮುಂದೆ ಆಗಿದೆ ಸಾರ್, ಈಗ ಎಲ್ಲ ಸರಿಯಾಗಿದೆ. ಯೂನಿಯನ್ ಅಂದರೆ ಏನೆಂದು ಕಾಸರಗೋಡಿನವರಿಗೆ ನಾನು ಹೇಳಬೇಕೇ?” ಎಂದ. ಆ ಮಾತು ನನಗೆ ಹಿಡಿಸಿತು. ನಮ್ಮಲ್ಲಿ ಲಾರಿ ನಡೆಸಿದ ಯಾರಿಗಾದರೂ ಅದು ಹಿಡಿಸುತ್ತಿತ್ತು. ಟಿಪ್ಪರಿನ ತೊಟ್ಟಿ ತಾನಾಗಿ ಮೇಲೆದ್ದು ಜಲ್ಲಿ ಸುರಿಯುವಾಗಲೂ, ಕೈ ಹಚ್ಚದೆ ನಿಂತು ನೋಡಿದವರಿಗೆ ‘ನೋಕ್ಕುಕೂಲಿ’ ಕೊಟ್ಟ ದಿನಗಳು ನನಗಿದ್ದವು. ಹೊರೆ ಕೆಲಸಗಾರರ ರಕ್ಷಣೆಗೆಂದು ಕೇರಳದಲ್ಲಿ 1978ರಲ್ಲಿಯೇ ಕಾಯ್ದೆ ಬಂದಿದ್ದರೂ ಈ ನೋಕ್ಕುಕೂಲಿಯನ್ನು ಸರಕಾರ ನಿಷೇಧಿಸಿದ್ದು 2018ರ ಮೇ 1ರಂದು. ಆ ಕಹಿಯಲ್ಲಿ ನಾನು ಎಲ್ಲ ಯೂನಿಯನುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿಬಿಟ್ಟೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ನನ್ನ ತಂಗಿಯ ಮಗ ಐ.ಟಿ.ಐ. ಮುಗಿಸಿ ಅದೇ ಕಾರ್ಖಾನೆಯಲ್ಲಿ ಟ್ರೈನಿಯಾಗಿದ್ದ. ಲಾರಿ ಕೊಳ್ಳುವ ಎರಡು ತಿಂಗಳ ಮೊದಲು ಮನೆಯ ದೈವಕ್ಕೆ ನಡೆಸುವ ತಂಬಿಲದ ಪೂಜೆಗೆ ಬಂದಿದ್ದಾಗ, ಅಲ್ಲಿನ ಕಾರ್ಮಿಕರು ಗೇಟಿನಲ್ಲಿ ಹಂಚಿದ್ದ ಒಂದು ಹಾಳೆಯ ಕರಪತ್ರವನ್ನು ನನ್ನ ಕೈಗೆ ಕೊಟ್ಟು, “ಮಾವ, ಗಾಡಿ ತೆಗೆಯುವ ಮೊದಲು ಇದನ್ನೊಮ್ಮೆ ಓದಿ” ಎಂದಿದ್ದ. ಯೂನಿಯನಿಗೆ ಮಾನ್ಯತೆ ಬೇಕು, ಗುತ್ತಿಗೆಯವರನ್ನು ಕಾಯಂ ಮಾಡಬೇಕು ಎಂಬ ಮೊದಲ ಎರಡು ಬೇಡಿಕೆಗಳನ್ನು ಓದಿ, ಇದು ಎಲ್ಲೆಡೆ ಇರುವುದೇ ಎಂದು ಮಡಚಿ ಕಪಾಟಿನಲ್ಲಿಟ್ಟೆ. ಮೂರನೆಯದನ್ನು ಓದಿದ್ದು ಅಪಘಾತದ ನಂತರ. ಜೋಡಣೆಯ ಸಾಲಿನ ಕೊನೆಯಲ್ಲಿ ಬೋಲ್ಟುಗಳ ಬಿಗಿತವನ್ನು ಎರಡನೆಯ ಸಲ ಪರೀಕ್ಷಿಸುವ ಹಂತವನ್ನು ತೆಗೆದುಹಾಕಲಾಗಿದೆ, ಪಳಗಿದವರನ್ನು ಹೊರಗಿಟ್ಟು ಮೂರು ವಾರ ಕಲಿತವರಿಂದ ಆ ಕೆಲಸ ಮಾಡಿಸಲಾಗುತ್ತಿದೆ, ಆ ಹಂತವನ್ನು ಮತ್ತೆ ಆರಂಭಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಕೊಂಡ ಎಂಟನೆಯ ತಿಂಗಳು, ಮಳೆಗಾಲದ ಒಂದು ಬೆಳಿಗ್ಗೆ, ಕೋರೆಯಿಂದ ಜಲ್ಲಿ ತುಂಬಿಕೊಂಡು ಬಾಯಾರಿನಿಂದ ಉಪ್ಪಳದ ಕಡೆಗೆ ಇಳಿಯುತ್ತಿದ್ದಾಗ ಲಾರಿಯ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಇಂಜಿನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ತಿರುಗುವ ದಂಡ, ಹಿಂದಿನ ತುದಿಯಲ್ಲಿ ಕಳಚಿ ರಸ್ತೆಗೆ ಬಿತ್ತು. ತಿರುಗುತ್ತಲೇ ಬಿದ್ದ ಶಾಫ್ಟು ಚಾಸಿಸಿನ ಅಡಿಯ ಬ್ರೇಕಿನ ಗಾಳಿ ಪೈಪನ್ನು ಹೊಡೆದು ಹರಿದುಹಾಕಿತು. ಇಂತಹ ಲಾರಿಗಳಲ್ಲಿ ಗಾಳಿ ಹೋದೊಡನೆ ಹಿಂದಿನ ಚಕ್ರಗಳನ್ನು ಸ್ಪ್ರಿಂಗಿನ ಬಲದಿಂದ ಹಿಡಿದು ನಿಲ್ಲಿಸುವ ಬ್ರೇಕು ಇರುವುದರಿಂದ, ಚಕ್ರಗಳು ಒಮ್ಮೆಲೇ ಕಚ್ಚಿಕೊಂಡು ಗಾಡಿ ಅಡ್ಡಡ್ಡ ಜಾರಿ, ರಸ್ತೆಯ ಅಂಚಿನ ಮಣ್ಣಿನಲ್ಲಿ ಹೂತು ನಿಂತಿತು. ಕೆಳಗೆ ಅಡಿಕೆ ತೋಟವಿತ್ತು, ತೋಟದ ನಡುವೆ ಮನೆಯಿತ್ತು. ಚಾಲಕನಿಗೂ ಕ್ಲೀನರನಿಗೂ ಗಾಯವಾಗಲಿಲ್ಲ. ಎದುರಿನಿಂದ ಶಾಲೆಯ ಮಕ್ಕಳ ಜೀಪು ಬರುವ ಹೊತ್ತಿಗೆ ಇನ್ನೂ ಹತ್ತು ನಿಮಿಷವಿತ್ತು.

ಉಪ್ಪಳದ ಮೆಕ್ಯಾನಿಕರು ನನ್ನನ್ನೂ ಲಾರಿಯ ಅಡಿಗೆ ಕರೆದು ಟಾರ್ಚು ಹಿಡಿದು ತೋರಿಸಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಶಾಫ್ಟಿನ ತುದಿಯನ್ನು ಬೋಲ್ಟು ಹಾಕಿ ಜೋಡಿಸುವ ಚಪ್ಪಟೆ ಬಿಲ್ಲೆಗೆ ಫ್ಲಾಂಜು ಎನ್ನುತ್ತಾರೆ. ಹಿಂದಿನ ಫ್ಲಾಂಜಿನಲ್ಲಿದ್ದ ಎಂಟು ರಂಧ್ರಗಳಲ್ಲಿ ಎರಡು ಮೊಟ್ಟೆಯಾಕಾರಕ್ಕೆ ಸವೆದಿದ್ದವು. ಸಡಿಲ ಬೋಲ್ಟುಗಳು ತಿಂಗಳುಗಟ್ಟಲೆ ಅಲ್ಲಾಡಿ ಮೊದಲು ಉದುರಿದ್ದು ಅಲ್ಲಿಂದ. ಭಾರವೆಲ್ಲ ತಮ್ಮ ಮೇಲೆ ಬಿದ್ದ ಉಳಿದ ಆರು ಆಮೇಲೆ ತುಂಡಾಗಿದ್ದವು. ನಂತರ ಅವರು ಟಾರ್ಚನ್ನು ಕಳಚದೆ ಉಳಿದಿದ್ದ ಮುಂದಿನ ಫ್ಲಾಂಜಿಗೆ ತಿರುಗಿಸಿದರು. ಕಾರ್ಖಾನೆಯಲ್ಲಿ ಬೋಲ್ಟನ್ನು ನಿಗದಿತ ಬಲಕ್ಕೆ ಬಿಗಿದವನು ನಟ್ಟಿನಿಂದ ಫ್ಲಾಂಜಿಗೆ ಸೇರುವಂತೆ ಬಣ್ಣದ ಒಂದು ಗೆರೆ ಎಳೆಯುತ್ತಾನೆ. ನಟ್ಟು ಮುಂದೆ ಸ್ವಲ್ಪ ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಕೆಸರನ್ನು ಒರೆಸಿದಾಗ ಆರು ಬೋಲ್ಟುಗಳ ಮೇಲೆ ಹಳದಿ ಗೆರೆ ಹೊಸದರಂತೆ ಕಂಡಿತು. ಎರಡರ ಮೇಲೆ ಗೆರೆಯ ಸುಳಿವೂ ಇರಲಿಲ್ಲ, ಮತ್ತು ಆ ಎರಡೂ ಸ್ಪ್ಯಾನರ್ ಇಟ್ಟು ಒತ್ತಿದ ಕೂಡಲೇ ತಿರುಗಿದವು. “ಇದು ರಸ್ತೆಯ ತಪ್ಪಲ್ಲ ಅಣ್ಣಾ, ಇದನ್ನು ಯಾರೂ ಬಿಗಿದೇ ಇಲ್ಲ” ಎಂದು ಅವರು ಮೆಲ್ಲಗೆ ಹೇಳಿದರು.

ಫ್ರೀ ಸರ್ವೀಸಿನ ಪುಸ್ತಕದಲ್ಲಿ ‘ಬೋಲ್ಟುಗಳ ಬಿಗಿತ ನೋಡಲಾಗಿದೆ’ ಎಂಬ ಸಾಲಿನ ಎದುರು ಸರಿ ಗುರುತು ಇತ್ತು. ಕಂಪೆನಿಯಿಂದ ಬಂದವರು ಮೊದಲು ಹೇಳಿದ್ದು ಓವರ್‌ಲೋಡ್ ಎಂದು. ಆ ದಿನ ಲಾರಿಯನ್ನು ತೂಗಿದ ವೇಬ್ರಿಡ್ಜ್ ಚೀಟಿ ನನ್ನಲ್ಲಿ ಇದ್ದುದರಿಂದ ಆ ವಾದ ಅಲ್ಲಿಗೇ ನಿಂತಿತು. ಆಮೇಲೆ ಬಿಡಿಭಾಗಕ್ಕಾಗಿ ಕಾಯುವ ಸರದಿ. ನಮ್ಮ ದೇಶೀ ಲಾರಿಯ ಶಾಫ್ಟು ಮಂಗಳೂರಿನಲ್ಲಿ ಸಂಜೆಯೊಳಗೆ ಸಿಗುತ್ತದೆ. ಇದರದ್ದು ಹಡಗಿನಲ್ಲಿ ಬರಬೇಕೆಂದು ಹೇಳಿ ಗಾಡಿ 47 ದಿನ ಅಂಗಳದಲ್ಲಿ ನಿಂತಿತು, ತಿಂಗಳಿಗೆ 78,000 ರೂಪಾಯಿಯ ಕಂತು ಮಾತ್ರ ನಿಲ್ಲಲಿಲ್ಲ. ಗ್ರಾಹಕರ ನ್ಯಾಯಾಲಯಕ್ಕೆ ಹೋಗೋಣವೆಂದರೆ ವಕೀಲರು ಕಾಯ್ದೆ ತೆರೆದು ತೋರಿಸಿದರು: ವ್ಯಾಪಾರದ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ, ತಾನೇ ದುಡಿದು ಹೊಟ್ಟೆ ಹೊರೆಯಲು ಮಾತ್ರ ಕೊಂಡವನಿಗೆ ಅದರಲ್ಲಿ ವಿನಾಯಿತಿ ಉಂಟು. ಮೂರು ಲಾರಿ, ಮೂವರು ಚಾಲಕರನ್ನು ಇಟ್ಟುಕೊಂಡಿದ್ದ ನನಗೆ ಆ ಬಾಗಿಲು ಸುಲಭವಾಗಿ ತೆರೆಯುವಂತಿರಲಿಲ್ಲ. ಆಗಿದ್ದ 1986ರ ಕಾಯ್ದೆಯಲ್ಲಿಯೂ ಈಗಿನ 2019ರ ಕಾಯ್ದೆಯಲ್ಲಿಯೂ ಈ ಅಂಶ ಹಾಗೆಯೇ ಇದೆ, ದೂರು ಕೊಡಲು ಎರಡು ವರ್ಷದ ಮಿತಿಯೂ ಇದೆ. ಒಂದೇ ಲಾರಿ ಇಟ್ಟುಕೊಂಡು ತಾವೇ ಓಡಿಸುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಅವರಿಗೆ ಈ ದಾರಿ ನಿಜವಾಗಿಯೂ ಇದೆ.

ವಿದೇಶಿ ಕಂಪೆನಿಯ ಗುಣಮಟ್ಟಕ್ಕೂ ಯೂನಿಯನಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ, ನಾನೂ ಹಾಗೆಯೇ ತಿಳಿದಿದ್ದೆ. ಆದರೆ ನಾವು ಕಣ್ಣು ಮುಚ್ಚಿ ನಂಬುವ ಜರ್ಮನಿಯ ಲಾರಿಗಳನ್ನು ಕಟ್ಟುವ ಕಾರ್ಖಾನೆಗಳಲ್ಲಿ ಐಜಿ ಮೆಟಾಲ್ ಎಂಬ ಬಲವಾದ ಕಾರ್ಮಿಕ ಸಂಘವಿದೆ. ಅಲ್ಲಿನ 1976ರ ಕಾನೂನಿನಂತೆ 2,000ಕ್ಕಿಂತ ಹೆಚ್ಚು ನೌಕರರಿರುವ ಕಂಪೆನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧದಷ್ಟು ಸ್ಥಾನ ನೌಕರರ ಕಡೆಯವರಿಗೆ ಮೀಸಲು. ಜಪಾನಿನ ಟೊಯೋಟಾದಲ್ಲಿ ಜೋಡಣೆಯ ಸಾಲಿನಲ್ಲಿ ನಿಂತ ಸಾಮಾನ್ಯ ಕೆಲಸಗಾರನೂ ತಪ್ಪು ಕಂಡರೆ ಹಗ್ಗ ಎಳೆದೋ ಗುಂಡಿ ಒತ್ತಿಯೋ ಸಾಲನ್ನೇ ನಿಲ್ಲಿಸಬಹುದು, ಅದು ಅವನ ಕರ್ತವ್ಯವೆಂದೇ ಕಲಿಸುತ್ತಾರೆ. ಅಂದರೆ ನಾವು ದುಡ್ಡು ಕೊಡುವುದು ಯಾವ ಗುಣಕ್ಕೋ, ಆ ಗುಣ ಹುಟ್ಟಿದ್ದು ‘ಇದು ಸರಿಯಿಲ್ಲ’ ಎಂದು ಹೇಳುವ ಧೈರ್ಯ ಮತ್ತು ಭದ್ರತೆ ಇರುವ ಕೈಗಳಿಂದ. ತಂಗಿಯ ಮಗ ಹೇಳಿದ್ದೂ ಇದನ್ನೇ: ಬಿಗಿಯುವ ಯಂತ್ರ ಕೆಟ್ಟ ದಿನ, ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂಬ ಟ್ರೈನಿ ಸಾಲನ್ನು ನಿಲ್ಲಿಸಲು ಬಾಯಿ ತೆರೆಯುವುದಿಲ್ಲ.

ಆದ್ದರಿಂದ ಗಾಡಿ ನೋಡಲು ಹೋಗುವವರು ಮೊದಲು ಚಾಸಿಸ್ ನಂಬರಿನ ಫಲಕವನ್ನು ನೋಡಬೇಕು. ಕಾರ್ಖಾನೆ ಇಲ್ಲಿಯೇ ಇದ್ದರೂ ‘ಪೂರ್ತಿ ಇಂಪೋರ್ಟೆಡ್’ ಎಂದು ನನಗೆ ಮಾರಿದ ಗಾಡಿಯ 17 ಅಕ್ಷರ-ಅಂಕಿಗಳ ಸಂಖ್ಯೆ ಆರಂಭವಾಗಿದ್ದು ‘ಎಂ’ನಿಂದ. ‘ಎಂಎ’ಯಿಂದ ‘ಎಂಇ’ವರೆಗಿನವು ಭಾರತಕ್ಕೆ ಮೀಸಲಾದ ಗುರುತುಗಳು, ಜರ್ಮನಿಯದ್ದು ‘ಡಬ್ಲ್ಯು’, ಜಪಾನಿನದ್ದು ‘ಜೆ’, ಚೀನಾದ್ದು ‘ಎಲ್’. ಇಲ್ಲಿ ಜೋಡಿಸಿದ್ದು ಎಂಬ ಕಾರಣಕ್ಕೆ ಗಾಡಿ ಕೆಟ್ಟದ್ದಾಗುವುದಿಲ್ಲ, ಆದರೆ ಸುಳ್ಳು ಹೇಳಿ ಮಾರುವವನ ಉಳಿದ ಮಾತನ್ನೂ ನಂಬಬಾರದು. ನಂತರ ಟಯರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಬೇಕು. ನನ್ನ ಗಾಡಿಯ ಟಯರಿನಲ್ಲಿ 2314 ಎಂದಿತ್ತು, ಅಂದರೆ 2014ರ 23ನೆಯ ವಾರದ ತಯಾರಿ. ಗಾಡಿ ಒಂದೂವರೆ ವರ್ಷ ಬಿಸಿಲು ಮಳೆಯಲ್ಲಿ ನಿಂತಿತ್ತೆಂಬುದನ್ನೂ, ಕಾರ್ಖಾನೆಯ ತಗಾದೆ ನಡೆಯುತ್ತಿದ್ದ ತಿಂಗಳುಗಳಲ್ಲಿಯೇ ಜೋಡಣೆಯಾಗಿತ್ತೆಂಬುದನ್ನೂ ಅದು ಮೊದಲ ದಿನವೇ ಸೂಚಿಸುತ್ತಿತ್ತು. ಯಾವ ಕಾರ್ಖಾನೆಯಲ್ಲಿ ಮುಷ್ಕರವೋ ಲಾಕೌಟೋ ಆಗಿತ್ತೆಂದು ತಿಳಿದರೆ, ಯಾರು ಗೆದ್ದರೆಂದು ಕೇಳುವ ಬದಲು ಆ ದಿನಗಳಲ್ಲಿ ಸಾಲಿನಲ್ಲಿ ನಿಂತು ಕೆಲಸ ಮಾಡಿದವರು ಯಾರೆಂದು ಕೇಳಿ.

ಬಿಡಿಭಾಗದ ಪ್ರಶ್ನೆ ಇನ್ನೂ ದೊಡ್ಡದು. ಜರ್ಮನಿಯ ಮಾನ್ ಸಂಸ್ಥೆ 2006ರಲ್ಲಿ ಭಾರತದ ಫೋರ್ಸ್ ಮೋಟರ್ಸ್ ಕಂಪೆನಿಯ ಜೊತೆ ಸೇರಿ ಇಲ್ಲಿಗೆ ಬಂದು, ಮಧ್ಯಪ್ರದೇಶದ ಪೀಥಂಪುರದಲ್ಲಿ ಲಾರಿ ತಯಾರಿಸಿ, 2018ರಲ್ಲಿ ಭಾರತದ ವ್ಯವಹಾರವನ್ನು ನಿಲ್ಲಿಸುವುದಾಗಿ ಹೇಳಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿನ ಕಾರು ತಯಾರಿಕೆಯನ್ನು ನಿಲ್ಲಿಸುವ ನಿರ್ಧಾರ ಪ್ರಕಟಿಸಿದಾಗ ಚೆನ್ನೈ ಬಳಿಯ ಮರೈಮಲೈನಗರದ ಕಾರ್ಮಿಕರು ಪರಿಹಾರಕ್ಕಾಗಿ ಹೋರಾಡಬೇಕಾಯಿತು. ನನ್ನ ಲಾರಿ ಇವರದ್ದಲ್ಲ. ಆದರೂ ವಿದೇಶಿ ತಯಾರಕ ಹೊರಡುವ ನಿರ್ಧಾರ ಇಲ್ಲಿ ಆಗುವುದಿಲ್ಲ ಎಂಬುದನ್ನು ಹತ್ತು ವರ್ಷ ಗಾಡಿ ಓಡಿಸಬೇಕಾದವನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಶಾಫ್ಟು, ಕ್ಲಚ್ ಪ್ಲೇಟು, ಗಾಳಿಯ ವಾಲ್ವು, ಈ ಮೂರು ಮಂಗಳೂರಿನಲ್ಲಿಯೋ ಕಣ್ಣೂರಿನಲ್ಲಿಯೋ ಕಪಾಟಿನಲ್ಲಿ ಇವೆಯೇ ಎಂದು ಸ್ವತಃ ಹೋಗಿ ಕಣ್ಣಾರೆ ನೋಡಿ.

ಈಗಾಗಲೇ ಇಂತಹ ಗಾಡಿ ಇರುವವರು ಈ ಮಳೆಗಾಲ ಶುರುವಾಗುವ ಮೊದಲು ಅದನ್ನು ಗುಂಡಿಯ ಮೇಲೆ ನಿಲ್ಲಿಸಿ, ಶಾಫ್ಟಿನ ಎರಡೂ ತುದಿಯ ಫ್ಲಾಂಜು, ಸೆಂಟರ್ ಬೇರಿಂಗಿನ ಬ್ರಾಕೆಟ್ಟು, ಸ್ಪ್ರಿಂಗಿನ ಯು ಬೋಲ್ಟುಗಳ ಕೆಸರನ್ನು ಒರೆಸಿ ಗೆರೆಗಳನ್ನು ಎಣಿಸಿರಿ. ಗೆರೆ ಇಲ್ಲದ್ದು ಸಿಕ್ಕಿದರೆ ಬಿಗಿಯುವ ಮೊದಲು ಫೋಟೋ ತೆಗೆದಿಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಕಲಮಿನಂತೆ ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳಲು ಕೇಂದ್ರ ಸರಕಾರ ತಯಾರಕರಿಗೆ ಆದೇಶಿಸಬಹುದು. ಒಬ್ಬನ ದೂರಿಗಿಂತ ಹತ್ತು ಮಂದಿಯ ದೂರಿಗೆ ಅಲ್ಲಿ ತೂಕ ಹೆಚ್ಚು. ನನ್ನಲ್ಲಿರುವ ಎರಡು ಬೋಲ್ಟು, ವೇಬ್ರಿಡ್ಜ್ ಚೀಟಿ ಮತ್ತು ಆ ಕರಪತ್ರವನ್ನು ನೋಡಬೇಕೆನ್ನುವವರಿಗೆ ಮನೆಯ ಬಾಗಿಲು ತೆರೆದಿದೆ.